ಸಭೆಯ ಹಿರಿಯರೂ ಕಾರ್ಖಾನೆಯ ಮೇಸ್ತ್ರಿಗಳೂ

ಕನ್ನಡದ ಮೊದಲ ವೃತ್ತಪತ್ರಿಕೆ ಮಂಗಳೂರಿನಲ್ಲಿ ಹುಟ್ಟಿತೆಂಬುದು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. 1843ನೆಯ ಇಸವಿ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿಗಳು ಕಲ್ಲಚ್ಚಿನಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ'ದ ನೆನಪಿಗಾಗಿಯೇ ಇಂದಿಗೂ ಆ ದಿನವನ್ನು ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಆದರೆ ಆ ಪತ್ರಿಕೆಯು ಮರುವರ್ಷವೇ ಸಮುದ್ರತೀರವನ್ನು ಬಿಟ್ಟು ಘಟ್ಟ ಹತ್ತಿ ಬಳ್ಳಾರಿಗೆ ಬಂದು, 'ಕನ್ನಡ ಸಮಾಚಾರ' ಎಂಬ ಹೆಸರಿನಿಂದ ಅಚ್ಚಾಯಿತೆಂಬುದನ್ನು ನೆನೆಯುವವರು ಕಡಿಮೆ. ಆ ಕಾಲಕ್ಕೆ ನಮ್ಮ ಹಿಂದೂಪುರ, ಮಡಕಶಿರಾ, ಪೆನುಕೊಂಡೆಗಳೆಲ್ಲ ಬಳ್ಳಾರಿ ಜಿಲ್ಲೆಗೇ ಸೇರಿದ್ದವು. ಅನಂತಪುರ ಬೇರೆ ಜಿಲ್ಲೆಯಾದದ್ದು 1882ರಲ್ಲಿ. ಹೀಗಾಗಿ ಕನ್ನಡದ ಮೊದಲ ಪತ್ರಿಕೆಯು ಒಂದಷ್ಟು ಕಾಲ ನಮ್ಮ ಜಿಲ್ಲೆಯದೇ ಪತ್ರಿಕೆಯಾಗಿತ್ತೆಂದು ಕೊಡಿಕೊಂಡದವರಾದ ನಾವು ಹೇಳಿಕೊಂಡರೆ ಅದರಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ.

ಬಳ್ಳಾರಿಯಲ್ಲಿ ಅಚ್ಚುಕೂಟವಿದ್ದುದು ಲಂಡನ್ ಮಿಷನ್ನಿನವರದು. ಆ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ, ಕನ್ನಡವನ್ನು ಕಲಿತು, ಬೈಬಲ್ಲಿನ ಭಾಷಾಂತರಕ್ಕೆ ಕೈಹಾಕಿದರು. 1831ರ ವೇಳೆಗೆ ಸಂಪೂರ್ಣ ಬೈಬಲ್ಲು ಕನ್ನಡಕ್ಕೆ ಬಂದಿತು. ಅವರ ಜೊತೆಗಾರರಾದ ವಿಲಿಯಂ ರೀವ್ ಎಂಬವರು ನಿಘಂಟುಗಳನ್ನು ರಚಿಸಿದರು. ಈ ವಿದ್ವತ್ಕಾರ್ಯಗಳ ಬಗೆಗೆ ಸಾಕಷ್ಟು ಬರೆಯಲಾಗಿದೆ. ಈ ಸಂಚಿಕೆಗಾಗಿ ಕ್ರೈಸ್ತ ಸಮಾಜದ ನಾಯಕತ್ವವನ್ನು ಕುರಿತು ಬರೆಯಬೇಕೆಂಬ ಸೂಚನೆ ಬಂದಾಗ ನಮಗೆ ನೆನಪಾದದ್ದು ಗ್ರಂಥಗಳಿಗಿಂತ ಹೆಚ್ಚಾಗಿ ಆ ಗ್ರಂಥಗಳಿಗೆ ಅಚ್ಚುಮೊಳೆ ಜೋಡಿಸಿದ, ಬಟ್ಟೆ ನೇಯ್ದ, ಹೆಂಚು ಸುಟ್ಟ ಜನ. ಅವರೇ ಭಾನುವಾರ ಸಭಾಮಂದಿರದ ಬೆಂಚುಗಳಲ್ಲಿ ಕುಳಿತಿರುತ್ತಿದ್ದರು. ಸಭೆಯಲ್ಲಿ ಅವರ ನಡುವಿನಿಂದ ಮುಂದಾಳುಗಳು ಎದ್ದುಬಂದರು, ಕಾರ್ಖಾನೆಯಲ್ಲಿ ಹಾಗಾಗಲಿಲ್ಲ. ಒಂದೇ ಜನ, ಒಂದೇ ಊರು, ಒಂದೇ ಮಿಷನ್ನು. ಆದರೂ ಈ ಭೇದವೇಕೆ ಉಂಟಾಯಿತೆಂಬುದೇ ಈ ಲೇಖನದ ವಿಚಾರ. ಇದನ್ನು ಪರಿಶೀಲಿಸಲು ಬಳ್ಳಾರಿಗಿಂತ ಮಂಗಳೂರು ತಕ್ಕ ಸ್ಥಳ. ಏಕೆಂದರೆ ಸಭೆ ಮತ್ತು ಕಾರ್ಖಾನೆಗಳೆರಡನ್ನೂ ಒಂದೇ ಕೈ ನಡೆಸಿದ ಊರು ಅದು.

ಬಾಸೆಲ್ ಮಿಷನ್ನಿನ ಮೊದಲ ಮೂವರು, ಅಂದರೆ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬವರು, ಮಂಗಳೂರನ್ನು ತಲುಪಿದ್ದು 1834ರಲ್ಲಿ. ಬಾಸೆಲ್ ಸ್ವಿಟ್ಜರ್ಲೆಂಡಿನ ಪಟ್ಟಣವಾದರೂ ಅಲ್ಲಿಂದ ಬಂದ ಪಾದ್ರಿಗಳಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ರೈತರ, ಕುಶಲಕರ್ಮಿಗಳ ಮನೆಗಳಿಂದ ಬಂದವರು. ದುಡಿಯದೆ ತಿನ್ನುವುದನ್ನು ಪಾಪವೆಂದೇ ಬಗೆದವರು. ಈ ಸ್ವಭಾವವನ್ನು ಗಮನಿಸದೆ ಮುಂದಿನ ಕಥೆ ತಿಳಿಯದು.

ದಕ್ಷಿಣ ಕನ್ನಡದಲ್ಲಿ ಅವರ ಮತವನ್ನು ಸ್ವೀಕರಿಸಿದವರಲ್ಲಿ ಬಿಲ್ಲವರ ಸಂಖ್ಯೆ ದೊಡ್ಡದು. ಬಿಲ್ಲವರಲ್ಲಿ ಅನೇಕರಿಗೆ ಕಳ್ಳು ಇಳಿಸುವುದು ಕುಲವೃತ್ತಿ. ಕುಡಿತವನ್ನು ವಿರೋಧಿಸುವ ಪಾದ್ರಿಗಳು ಕಳ್ಳಿನ ಕಸುಬನ್ನು ಬಿಟ್ಟು ಬರಬೇಕೆಂದರು. ಕಸುಬು ಬಿಟ್ಟವನಿಗೆ ಕುಲದವರ ನೆರವು ತಪ್ಪಿತು. ಗೇಣಿಯ ಭೂಮಿಯಿದ್ದಲ್ಲಿ ಒಡೆಯನ ಮನಸ್ಸೂ ತಿರುಗಿತು. ದೇವರನ್ನು ಬದಲಿಸಿದವನು ಮಾರನೆಯ ದಿನ ಬೆಳಿಗ್ಗೆ ಒಲೆಯ ಮೇಲೆ ಏನಿಡಬೇಕೆಂದು ಯೋಚಿಸಬೇಕಾಯಿತು. ಮತಾಂತರದ ಚರಿತ್ರೆಯನ್ನು ಪರವಾಗಿ ಬರೆದವರೂ ವಿರೋಧವಾಗಿ ಬರೆದವರೂ ಈ ಒಲೆಯ ಸಂಗತಿಯನ್ನು ಹಗುರವಾಗಿ ದಾಟಿಬಿಡುತ್ತಾರೆ. ಮಂಗಳೂರಿನ ಕೈಗಾರಿಕೆಗಳೆಲ್ಲ ಹುಟ್ಟಿದ್ದು ಅಲ್ಲಿಂದ.

ಮೊದಲು ಬೇಸಾಯ ಮಾಡಿಸಿ ನೋಡಿದರು, ತೋಟ ಮಾಡಿಸಿ ನೋಡಿದರು, ಗಡಿಯಾರ ಮಾಡುವ ಕೆಲಸವನ್ನೂ ಕಲಿಸಿ ನೋಡಿದರು. ಯಾವುದೂ ಕೈಗೆ ಹತ್ತಲಿಲ್ಲ. ಕೈಹಿಡಿದದ್ದು ಅಚ್ಚುಕೂಟ ಮತ್ತು ಮಗ್ಗ. 1841ರಲ್ಲಿ ಕಲ್ಲಚ್ಚು ಆರಂಭವಾಯಿತು. 1851ರಲ್ಲಿ ಬಂದ ಯೋಹಾನ್ ಹಾಲರ್ ಎಂಬವರು ನೇಯ್ಗೆ ಬಲ್ಲವರು. ಬಲ್ಮಠದಲ್ಲಿ ಹೊಸ ಮಾದರಿಯ ಮಗ್ಗಗಳನ್ನು ಹೂಡಿ, ಹಗ್ಗ ಎಳೆದರೆ ಲಾಳಿ ತಾನಾಗಿ ಓಡುವ ವಿಧಾನವನ್ನು ಬಳಕೆಗೆ ತಂದರು. ಖಾಕಿ ಬಣ್ಣವು ಈ ಹಾಲರರ ಬಣ್ಣದ ಕಡಾಯಿಯಲ್ಲಿಯೇ ಹುಟ್ಟಿತೆಂದು ಮಂಗಳೂರಿನ ಮಿತ್ರರು ಅಭಿಮಾನದಿಂದ ಹೇಳುವುದುಂಟು. ವಾಯವ್ಯ ಗಡಿಯ ಗೈಡ್ಸ್ ಪಡೆಯು ಅದಕ್ಕೆ ಮೊದಲೇ ಮಣ್ಣುಬಣ್ಣದ ಉಡುಪನ್ನು ತೊಟ್ಟಿತ್ತಾದ್ದರಿಂದ, ಹುಟ್ಟಿದ್ದು ಅಲ್ಲಿ, ಗಟ್ಟಿ ಬಟ್ಟೆಯಾಗಿ ಹೆಸರಾದದ್ದು ಇಲ್ಲಿ ಎಂದು ನ್ಯಾಯ ಹೇಳುವುದು ಉಚಿತವೆಂದು ನಮಗೆ ತೋರುತ್ತದೆ.

ಹೆಂಚಿನ ಕಥೆ ಇನ್ನೂ ಸ್ವಾರಸ್ಯಕರವಾದದ್ದು. ಜಾರ್ಜ್ ಪ್ಲೆಬ್ಸ್ಟ್ ಎಂಬವರು ಬಂದದ್ದು ಅಚ್ಚುಕೂಟದ ಕೆಲಸಕ್ಕೆ. ಯಂತ್ರಗಳಲ್ಲಿ ಕೈಪಳಗಿದ ಮನುಷ್ಯ. ನೇತ್ರಾವತಿಯ ದಂಡೆಯ ಜೇಡಿಮಣ್ಣನ್ನು ಕಂಡು, ಅದರಿಂದ ಯುರೋಪಿನ ಮಾದರಿಯ ಹೆಂಚನ್ನು ಮಾಡಬಹುದೆಂದು ಯೋಚಿಸಿ, 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆಯನ್ನು ತೆರೆದರು. ಮಣ್ಣನ್ನು ಎತ್ತುಗಳಿಂದ ಹದಮಾಡಿಸಿ, ಅಚ್ಚಿನಲ್ಲಿಟ್ಟು ಒತ್ತಿ, ನೆರಳಿನಲ್ಲಿ ಒಣಗಿಸಿ, ಬಟ್ಟಿಯಲ್ಲಿ ಸುಡುವ ಕೆಲಸ. 1880ರ ದಶಕದಲ್ಲಿ ಉಗಿಯಂತ್ರ ಬಂದು ಎತ್ತುಗಳು ಮನೆಗೆ ಹೋದವು. ಜೆಪ್ಪುವಿನ ತರುವಾಯ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಪಾಲಕ್ಕಾಡುಗಳಲ್ಲಿಯೂ ಮಿಷನ್ನಿನ ಹೆಂಚಿನ ಕಾರ್ಖಾನೆಗಳು ಎದ್ದವು. ಒಂದರ ಕೊಕ್ಕೆಗೆ ಇನ್ನೊಂದು ಸೇರಿ ಕೂರುವ ಆ ಕೆಂಪು ಹೆಂಚು ಹಡಗು ಹತ್ತಿ ಪೂರ್ವ ಆಫ್ರಿಕಾದವರೆಗೂ ಹೋಯಿತು. ರೈಲು ಹತ್ತಿ ನಮ್ಮ ಒಣಸೀಮೆಗೂ ಬಂದಿತು. ನಮ್ಮ ಕಡೆ ಕಲ್ಲುಚಪ್ಪಡಿಯ ಅಥವಾ ಮಣ್ಣಿನ ಮಾಳಿಗೆಯೇ ವಾಡಿಕೆ. ಮಂಗಳೂರು ಹೆಂಚು ಹೊದಿಸಿದ ಮನೆಯೆಂದರೆ ಸ್ಥಿತಿವಂತರ ಮನೆ ಎಂದು ಬಗೆಯುತ್ತಿದ್ದ ಕಾಲವನ್ನು ನಮ್ಮ ವಯಸ್ಸಿನವರು ಬಲ್ಲರು.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಕಾರ್ಖಾನೆಗಳ ವ್ಯಾಪಾರವನ್ನು ನೋಡಿಕೊಳ್ಳಲು 1859ರಲ್ಲಿ ಬಾಸೆಲಿನಲ್ಲಿಯೇ ಒಂದು ವ್ಯಾಪಾರ ಕಂಪನಿ ಸ್ಥಾಪಿತವಾಯಿತು. ಪಾಲುದಾರರಿಗೆ ಮಿತವಾದ ಲಾಭ, ಉಳಿದದ್ದು ಮಿಷನ್ನಿನ ಕಾರ್ಯಕ್ಕೆ ಎಂಬುದು ಅದರ ಕಟ್ಟಳೆ. ಕಾರ್ಖಾನೆಯಲ್ಲಿ ಬೆಳಗಿನ ಕೆಲಸ ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು. ಭಾನುವಾರ ಯಂತ್ರ ತಿರುಗುತ್ತಿರಲಿಲ್ಲ. ಇದು ಸಣ್ಣ ಮಾತಲ್ಲ. ಮುಂಬಯಿಯ ಗಿರಣಿಗಳ ಕೂಲಿಗಳಿಗೆ ವಾರಕ್ಕೊಂದು ದಿನದ ಬಿಡುವು ದೊರೆಯಬೇಕಾದರೆ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಬೇಕಾಯಿತು. ಅದು ದೊರೆತದ್ದು 1890ರಲ್ಲಿ. ಮಂಗಳೂರಿನ ನೇಕಾರನಿಗೆ ಅದು ಅದಕ್ಕೆ ಎಷ್ಟೋ ಮೊದಲು, ಹೋರಾಟವಿಲ್ಲದೆಯೇ, ಧರ್ಮದ ನಿಯಮವಾಗಿ ಬಂದಿತ್ತು.

ಹೋರಾಟವಿಲ್ಲದೆ ಬಂದದ್ದರಲ್ಲಿ ಒಂದು ತೊಡಕೂ ಇತ್ತು. ಬಟವಾಡೆ ಕೊಡುವ ಸಂಸ್ಥೆಯೂ ಕರ್ತನ ಭೋಜನದ ರೊಟ್ಟಿ ಕೊಡುವ ಸಂಸ್ಥೆಯೂ ಒಂದೇ. ಪಾದ್ರಿಗಳಲ್ಲಿ ಹಲವರು ದಯಾಳುಗಳು, ಪ್ರಾಮಾಣಿಕರು, ಅದರಲ್ಲಿ ಸಂದೇಹವಿಲ್ಲ. ಆದರೆ ಹೆಂಡ ಕುಡಿದವನನ್ನು ಕರ್ತನ ಭೋಜನದಿಂದ ದೂರವಿಡುವ ಕಟ್ಟುನಿಟ್ಟು ಅವರ ಸಭೆಯಲ್ಲಿತ್ತು. ಹಾಗೆ ದೂರವಿಡಲ್ಪಟ್ಟವನು ಸೋಮವಾರ ಅದೇ ಮಿಷನ್ನಿನ ಬಾಗಿಲಲ್ಲಿ ಕೆಲಸಕ್ಕೆ ನಿಲ್ಲಬೇಕು. ಅವನ ಮನಸ್ಸಿನಲ್ಲಿ ಪಾಪದ ಭಯವೆಷ್ಟು, ಕೂಲಿ ತಪ್ಪುವ ಭಯವೆಷ್ಟು ಎಂದು ಬಿಡಿಸಿ ಹೇಳುವುದು ಯಾರಿಗೆ ಸಾಧ್ಯ? ಮಿಷನ್ನಿನವರೇ ಈ ಪ್ರಶ್ನೆಯನ್ನು ತಮ್ಮೊಳಗೆ ಚರ್ಚಿಸಿದ್ದರು. ಅನ್ನಕ್ಕಾಗಿ ಬಂದವರು ನಿಜವಾದ ವಿಶ್ವಾಸಿಗಳಾಗುವರೇ ಎಂಬ ಶಂಕೆ ಕೆಲವು ಪಾದ್ರಿಗಳಿಗಿತ್ತು. ತಮ್ಮ ಕೈಯಲ್ಲಿ ಅನ್ನವನ್ನೂ ಆತ್ಮವನ್ನೂ ಒಟ್ಟಿಗೆ ಹಿಡಿದಿರುವುದು ಸರಿಯೇ ಎಂಬ ಪ್ರಶ್ನೆ ಅಷ್ಟು ಜೋರಾಗಿ ಎದ್ದಂತೆ ತೋರುವುದಿಲ್ಲ. ನಲವತ್ತು ವರ್ಷ ಹಾಜರಿ ಪುಸ್ತಕ ಹಿಡಿದ ನಮಗೆ ಇದು ಆಶ್ಚರ್ಯವೆನಿಸುವುದಿಲ್ಲ. ಅಧಿಕಾರದಲ್ಲಿರುವವನಿಗೆ ತನ್ನ ಒಳ್ಳೆಯತನವೇ ಸಾಕಷ್ಟು ಉತ್ತರವೆಂದು ತೋರುವುದು ಸಹಜ.

ಆದರೂ ಸಭೆಯೊಳಗೆ ಬೇರೊಂದು ಬೆಳವಣಿಗೆ ಮೊದಲಿನಿಂದಲೇ ನಡೆದಿತ್ತು. ಅದಕ್ಕೆ ಆದಿಪುರುಷರೆಂದರೆ ಹರ್ಮನ್ ಆನಂದರಾಯ ಕೌಂಡಿನ್ಯರು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ತರುಣ. ಮಿಷನ್ನಿನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ. 1844ರ ಜನವರಿಯಲ್ಲಿ ಇನ್ನಿಬ್ಬರೊಡನೆ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಗದ್ದಲವೆದ್ದಿತು. ಗುರುಗಳಾದ ಮೋಗ್ಲಿಂಗರ ಹೆಸರನ್ನೇ ತಮ್ಮ ಹೆಸರಿನ ಮುಂದೆ ಇಟ್ಟುಕೊಂಡರು. 1846ರಲ್ಲಿ ಗುರುಗಳೊಡನೆ ಹಡಗು ಹತ್ತಿ ಬಾಸೆಲಿಗೆ ಹೋದರು. ಬ್ರಾಹ್ಮಣನಾಗಿ ಹುಟ್ಟಿದವನು ಸಮುದ್ರ ದಾಟುವುದೆಂದರೆ ಆ ಕಾಲದಲ್ಲಿ ಮರಳುವ ಬಾಗಿಲನ್ನು ತಾನೇ ಮುಚ್ಚಿಕೊಂಡಂತೆ. ಐದು ವರ್ಷ ಅಲ್ಲಿದ್ದು, ಜರ್ಮನ್ ಭಾಷೆಯನ್ನು ಕಲಿತು, ದೇವಶಾಸ್ತ್ರವನ್ನು ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದರು. ಬಾಸೆಲ್ ಮಿಷನ್ನಿನಲ್ಲಿ ಹಾಗೆ ದೀಕ್ಷೆ ಪಡೆದ ಮೊದಲ ಭಾರತೀಯರು ಅವರೇ.

ಇಲ್ಲಿ ಗಮನಿಸತಕ್ಕದ್ದು ದೀಕ್ಷೆಗಿಂತ ಹೆಚ್ಚಾಗಿ ಪದವಿ. ಕೌಂಡಿನ್ಯರು ಸಹಾಯಕರಾಗಿ ಬರಲಿಲ್ಲ, ಯುರೋಪಿಯನ್ ಪಾದ್ರಿಗಳ ಸಾಲಿನಲ್ಲಿಯೇ ಮಿಷನರಿಯಾಗಿ ಬಂದರು. ಮಂಗಳೂರಿನ ಉಪದೇಶಿಗಳ ಪಾಠಶಾಲೆಯಲ್ಲಿ ಬೋಧಿಸಿದರು. ಆ ಪಾಠಶಾಲೆಯಲ್ಲಿ ಅವರೆದುರು ಕುಳಿತವರಲ್ಲಿ ಬಿಲ್ಲವರ ಮಕ್ಕಳೂ ಇದ್ದರು. ಬ್ರಾಹ್ಮಣ ಗುರು ಬಿಲ್ಲವ ಶಿಷ್ಯನಿಗೆ ವೇದಪೀಠದ ಮೇಲೆ ನಿಂತು ಮಾತನಾಡುವುದನ್ನು ಕಲಿಸುವ ದೃಶ್ಯವು ಹತ್ತೊಂಬತ್ತನೆಯ ಶತಮಾನದ ನಡುಭಾಗದ ಕರಾವಳಿಯಲ್ಲಿ ಬೇರೆಲ್ಲಿ ಕಾಣಸಿಗುತ್ತಿತ್ತು? ಆ ಶಿಷ್ಯರು ಉಪದೇಶಿಗಳಾಗಿ ಹಳ್ಳಿಗಳಿಗೆ ಹೋದರು, ಕೆಲವರು ಮುಂದೆ ಸಭಾಪಾಲಕರಾದರು. ಒಂದೊಂದು ಸಭೆಗೂ ಹಿರಿಯರ ಮಂಡಳಿಯಿತ್ತು. ದಶಮಾಂಶದ ಲೆಕ್ಕ, ಬಡವರ ಹಣ, ಗಂಡ ಹೆಂಡಿರ ಜಗಳ, ಮದುವೆಯ ಒಪ್ಪಿಗೆ ಇವೆಲ್ಲ ಹಿರಿಯರ ಮುಂದೆ ಬರುತ್ತಿದ್ದವು. ವಾರವಿಡೀ ಮಗ್ಗದ ಮುಂದೆ ಬಾಗಿ ಕುಳಿತವನು ಅಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತು ತೀರ್ಪು ಹೇಳಬಹುದಾಗಿತ್ತು.

ಕೌಂಡಿನ್ಯರ ಇನ್ನೊಂದು ಕಾರ್ಯಕ್ಷೇತ್ರ ಕೊಡಗು. ಅಲ್ಲಿ ಮೋಗ್ಲಿಂಗರೊಡನೆ ಸೇರಿ, ತಲೆತಲಾಂತರದಿಂದ ಜೀತದಲ್ಲಿದ್ದ ಹೊಲೆಯ ಕುಟುಂಬಗಳಿಗಾಗಿ ಕಾಫಿ ತೋಟದ ನಡುವೆ ಒಂದು ಊರನ್ನು ಕಟ್ಟಿದರು. ಆನಂದಪುರವೆಂಬ ಆ ಊರಿನ ಹೆಸರಿನಲ್ಲಿ ಆನಂದರಾಯರ ನೆನಪು ಉಳಿದಿದೆ. ಗುಲಾಮಗಿರಿಯನ್ನು ಕಾಯಿದೆಯ ಮೂಲಕ ಸರಕಾರವು ತೊಡೆದದ್ದು 1843ರಲ್ಲಿಯಾದರೂ ಕಾಯಿದೆಯ ಕಾಗದವು ತೋಟದ ಆಳಿನ ಗುಡಿಸಲಿಗೆ ತಲುಪುವುದು ತಡ. ಕೌಂಡಿನ್ಯರು 1893ರಲ್ಲಿ ತೀರಿಕೊಂಡರು. ಅವರ ಮುಂದಿನ ವರುಷ ಮಂಗಳೂರಿನ ಮಿಷನ್ ಅಚ್ಚುಕೂಟದಿಂದ ಕಿಟ್ಟೆಲರ ನಿಘಂಟು ಹೊರಬಂದಿತು.

ಆ ನಿಘಂಟಿನ ವಿಷಯವಾಗಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆವು. ಸುಮಾರು 70,000 ಪದಗಳ ಆ ಹೊತ್ತಗೆಯನ್ನು ನಮ್ಮ ಪೀಳಿಗೆಯ ಮಾಸ್ತರರು ದೇವರ ಪಟದಷ್ಟೇ ಗೌರವದಿಂದ ಕಂಡವರು. ಕಿಟ್ಟೆಲರಿಗೆ ಪ್ರತಿಮೆಯಾಗಿದೆ, ಅದು ಯೋಗ್ಯವಾದದ್ದೇ. ಆದರೆ ಕನ್ನಡ, ಇಂಗ್ಲಿಷ್ ಲಿಪಿಗಳ ಮೊಳೆಗಳನ್ನು ಸಾಲುಸಾಲಾಗಿ ಬೆರಳಿನಿಂದ ಆರಿಸಿ ಜೋಡಿಸಿ, ಕರಡು ತಿದ್ದುವಾಗ ಮತ್ತೆ ಬಿಡಿಸಿ ಕೂಡಿಸಿದ ಕೆಲಸಗಾರರು ಎಷ್ಟು ವರ್ಷ ಆ ಪುಟಗಳ ಮುಂದೆ ನಿಂತಿರಬೇಕು! ನಮ್ಮ ಲೇಪಾಕ್ಷಿಯಲ್ಲಿಯೂ ಇದೇ ಕಥೆ: ಗುಡಿ ಕಟ್ಟಿಸಿದ ವಿರುಪಣ್ಣನ ಹೆಸರನ್ನು ಎತ್ತಿನ ಬಂಡಿ ಹೊಡೆಯುವವನೂ ಬಲ್ಲ, ತೂಗುಕಂಬವನ್ನು ನಿಲ್ಲಿಸಿದ ಓಜನ ಹೆಸರನ್ನು ಯಾರೂ ಹೇಳುವುದಿಲ್ಲ.

ಕಾರ್ಖಾನೆಯಲ್ಲಿ ಸ್ಥಳೀಯನು ಏರಬಹುದಾದ ಮೆಟ್ಟಿಲು ಮೇಸ್ತ್ರಿಯದು, ಗುಮಾಸ್ತನದು. ಅದಕ್ಕೆ ಮೇಲಿನ ಕುರ್ಚಿಗಳು ಬಾಸೆಲಿನಿಂದ ಬಂದವರಿಗೆ. ಇದಕ್ಕೆ ದುರುದ್ದೇಶವೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಭಾಷೆಯೂ ಒಂದು ಕಾರಣವೆಂದು ನಮ್ಮ ಅಭಿಪ್ರಾಯ. ಸಭೆಯ ಭಾಷೆ ಕನ್ನಡ. ಮನೆಮಾತು ತುಳುವಾದವರಿಗಾಗಿ ತುಳು ಭಾಷೆಯ ಹೊಸ ಒಡಂಬಡಿಕೆಯನ್ನು ಕನ್ನಡ ಲಿಪಿಯಲ್ಲಿಯೇ 1847ರ ಹೊತ್ತಿಗೆ ಮುದ್ರಿಸಿ ಕೊಟ್ಟಿದ್ದರು. ಹೀಗಾಗಿ ಸಭೆಯಲ್ಲಿ ಚೆನ್ನಾಗಿ ಮಾತನಾಡುವ, ನ್ಯಾಯವಾಗಿ ಯೋಚಿಸುವ ಊರಿನವನು ಪಾದ್ರಿಗಿಂತ ಮಿಗಿಲಾಗುವುದು ಸುಲಭವಾಗಿತ್ತು. ಕಾರ್ಖಾನೆಯ ದೊಡ್ಡ ನಿರ್ಣಯಗಳು ಬಾಸೆಲಿಗೆ ಹೋಗಿ ಬರುವ ಪತ್ರಗಳಲ್ಲಿ ಆಗುತ್ತಿದ್ದವು, ಆ ಪತ್ರಗಳು ಜರ್ಮನ್ ಭಾಷೆಯಲ್ಲಿರುತ್ತಿದ್ದವು. ಬಟ್ಟಿಯ ಕಾವು ಎಷ್ಟಿರಬೇಕೆಂದು ಹೊಗೆಯ ಬಣ್ಣ ನೋಡಿಯೇ ಹೇಳಬಲ್ಲ ಮೇಸ್ತ್ರಿಗೆ ಆ ಹೆಂಚು ಮೊಂಬಾಸಾದಲ್ಲಿ ಎಷ್ಟಕ್ಕೆ ಮಾರಾಟವಾಗುತ್ತದೆಂದು ತಿಳಿಯುವ ದಾರಿಯಿರಲಿಲ್ಲ. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು ಎಂಬ ಸ್ಥಿತಿಯಲ್ಲಿ ಬೆಳೆದ ಗಡಿನಾಡಿನವರಾದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮಿಷನ್ನಿನ ಹೊರಗಿದ್ದವರು ಮಾತ್ರ ಬೇಗ ಕಲಿತರು. ಜೆಪ್ಪುವಿನ ಕಾರ್ಖಾನೆ ತೆರೆದ ಮೂರೇ ವರ್ಷಗಳಲ್ಲಿ, 1868ರಲ್ಲಿ, ಕೆಥೋಲಿಕ ಮನೆತನದ ಆಲ್ಬುಕರ್ಕರು ತಮ್ಮದೇ ಹೆಂಚಿನ ಕಾರ್ಖಾನೆಯನ್ನು ಹೂಡಿದರು. ತರುವಾಯ ಇನ್ನೂ ಅನೇಕರು. ಮಂಗಳೂರಿನ ಹೆಂಚಿನ ಉದ್ಯಮದಲ್ಲಿ ಊರಿನ ಯಜಮಾನಿಕೆ ಎಂಬುದು ಬೆಳೆದದ್ದು ಹೀಗೆ, ಬೇರೆ ಅಂಗಳದಲ್ಲಿ.

1914ರಲ್ಲಿ ಮಹಾಯುದ್ಧ ಆರಂಭವಾಯಿತು. ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳು ಒಂದೇ ದಿನದಲ್ಲಿ ಶತ್ರುದೇಶದ ಪ್ರಜೆಗಳಾದರು. ಹಲವರನ್ನು ಅಹಮದ್‌ನಗರದ ಶಿಬಿರದಲ್ಲಿ ಇರಿಸಿ, ಆಮೇಲೆ ಹಡಗು ಹತ್ತಿಸಿ ಕಳುಹಿಸಿದರು. ಯುದ್ಧ ಮುಗಿದ ಮೇಲೆಯೂ ಅನೇಕ ವರ್ಷ ಅವರಿಗೆ ಮರಳುವ ಅನುಮತಿ ಸಿಗಲಿಲ್ಲ. ಎಂಬತ್ತು ವರ್ಷಗಳ ಕಾಲ ಮೇಲಿದ್ದ ಮಾಡು ಹೀಗೆ ಒಮ್ಮೆಗೇ ಹಾರಿಹೋಯಿತು. ಒಳಗಿನ ಗೋಡೆಗಳ ಗಟ್ಟಿತನದ ಪರೀಕ್ಷೆ ಆಗ ನಡೆಯಿತು.

ಸಭೆಗಳು ನಿಂತವು. ಕೆಲವೆಡೆ ಬೇರೆ ಮಿಷನ್ನುಗಳ ಸಹಾಯ ದೊರೆತದ್ದು ನಿಜ. ಆದರೆ ಪ್ರತಿ ಭಾನುವಾರ ಗಂಟೆ ಬಾರಿಸಿದವರು, ದೀಕ್ಷಾಸ್ನಾನ ಕೊಟ್ಟವರು, ಸತ್ತವರನ್ನು ಮಣ್ಣುಮಾಡಿದವರು, ಶಾಲೆಗಳ ಬಾಗಿಲು ಮುಚ್ಚದಂತೆ ನೋಡಿಕೊಂಡವರು ಕೌಂಡಿನ್ಯರ ಪಾಠಶಾಲೆಯ ಪರಂಪರೆಯ ಸಭಾಪಾಲಕರು, ಉಪದೇಶಿಗಳು ಮತ್ತು ಆ ಮಗ್ಗದ ಹಿರಿಯರು. ಅವರಿಗೆ ಆಜ್ಞೆ ಕಳುಹಿಸಲು ಬಾಸೆಲಿನಿಂದ ಯಾರೂ ಇರಲಿಲ್ಲ. ಆಜ್ಞೆಗಾಗಿ ಅವರು ಕಾಯಲೂ ಇಲ್ಲ.

ಕಾರ್ಖಾನೆಗಳ ಗತಿ ಬೇರೆಯಾಯಿತು. ಶತ್ರುಗಳ ಆಸ್ತಿಯೆಂದು ಸರಕಾರವು ಅವನ್ನು ವಶಪಡಿಸಿಕೊಂಡಿತು. ಯುದ್ಧಾನಂತರ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಕೈಸೇರಿದವು. ಜರ್ಮನ್ ಭಾಷೆಯ ಪತ್ರಗಳ ಸ್ಥಾನದಲ್ಲಿ ಇಂಗ್ಲಿಷ್ ಪತ್ರಗಳು ಬಂದವು. ಮಣ್ಣು ಅದೇ, ಬಟ್ಟಿ ಅದೇ, ಮೇಸ್ತ್ರಿಯೂ ಅವನೇ. ಇದನ್ನು ನಡೆಸುವ ಶಕ್ತಿ ನಮಗಿದೆ, ನಮಗೆ ಕೊಡಿ ಎಂದು ಕೇಳಬಲ್ಲ ಒಂದು ಮಂಡಳಿಯನ್ನು ಆ ಎಂಬತ್ತು ವರ್ಷಗಳಲ್ಲಿ ಕಾರ್ಖಾನೆಯೊಳಗೆ ಯಾರೂ ಬೆಳೆಸಿರಲಿಲ್ಲ. ಸಭೆಯಲ್ಲಿ ಹಿರಿಯರ ಮಂಡಳಿಯನ್ನು ಕಟ್ಟಿದ ಅದೇ ಮಿಷನ್ನಿಗೆ ಕಾರ್ಖಾನೆಯಲ್ಲಿಯೂ ಅಂತಹುದೊಂದನ್ನು ಕಟ್ಟಬೇಕೆಂದು ತೋರದೆ ಹೋದದ್ದು ನಮ್ಮ ದೃಷ್ಟಿಯಲ್ಲಿ ಅದರ ಚರಿತ್ರೆಯ ದೊಡ್ಡ ಕೊರತೆ. ಮುಂದೆ 1930ರ ದಶಕದಲ್ಲಿ ಮಲಬಾರಿನ ಹೆಂಚು ಕೆಲಸಗಾರರೂ ನೇಕಾರರೂ ಪಿ. ಕೃಷ್ಣಪಿಳ್ಳೆಯವರಂತಹ ಮುಖಂಡರ ಜೊತೆ ಸೇರಿ ಸಂಘ ಕಟ್ಟಿ ಮುಷ್ಕರ ಹೂಡಿದರು. ಕಾರ್ಖಾನೆಯ ನಾಯಕತ್ವ ಕೊನೆಗೂ ಬಂದದ್ದು ಹೀಗೆ, ಕೆಂಪು ಬಾವುಟ ಹಿಡಿದು. ಆ ಬಾವುಟವನ್ನು ಕಂಡು ಹುಬ್ಬು ಗಂಟಿಕ್ಕಿದ ಸಭೆಯವರು ತಮ್ಮ ಹಿರಿಯರ ಮಂಡಳಿಯನ್ನು ಒಮ್ಮೆ ನೆನೆಯಬಹುದಾಗಿತ್ತು.

ಈ ಪ್ರಶ್ನೆ ಮಂಗಳೂರಿಗೆ ಮಾತ್ರ ಸೇರಿದುದಲ್ಲ. 1910ರಲ್ಲಿ ಎಡಿನ್‌ಬರೋ ನಗರದಲ್ಲಿ ಮಿಷನರಿಗಳ ಜಾಗತಿಕ ಸಮ್ಮೇಳನ ನೆರೆದಾಗ, ತಿರುನೆಲ್ವೇಲಿ ಸೀಮೆಯ ವಿ. ಎಸ್. ಅಜರಯ್ಯ ಎಂಬ ತರುಣ ಪಾದ್ರಿಗಳು ಎದ್ದುನಿಂತು, ನೀವು ನಮಗಾಗಿ ತ್ಯಾಗ ಮಾಡಿದ್ದೀರಿ, ಆದರೆ ನಮ್ಮನ್ನು ಸ್ನೇಹಿತರೆಂದು ಪಕ್ಕದಲ್ಲಿ ಕೂರಿಸಿಕೊಂಡಿಲ್ಲ ಎಂಬ ಅರ್ಥದ ಮಾತನ್ನು ಹೇಳಿದರು. ಸಭಿಕರಲ್ಲಿ ಹಲವರಿಗೆ ಅದು ಕಹಿಯಾಯಿತು. ಎರಡು ವರ್ಷಗಳ ಮೇಲೆ, 1912ರಲ್ಲಿ, ಅವರೇ ತೆಲುಗು ನಾಡಿನ ದೋರ್ನಕಲ್ಲಿನ ಬಿಷಪ್ಪರಾದರು. ಆಂಗ್ಲಿಕನ್ ಸಭೆಯಲ್ಲಿ ಭಾರತೀಯರೊಬ್ಬರು ಆ ಪೀಠವನ್ನೇರಿದ್ದು ಅದೇ ಮೊದಲು.

ಕನ್ನಡದ ಸಾಹಿತ್ಯ ಸಮ್ಮೇಳನದ ಸಂಚಿಕೆಯಾದ್ದರಿಂದ ಉತ್ತಂಗಿ ಚನ್ನಪ್ಪನವರನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಬಾಸೆಲ್ ಮಿಷನ್ನಿನ ಶಾಲೆಯಲ್ಲಿ ಓದಿದವರು. ಮಂಗಳೂರಿನ ದೇವಶಾಸ್ತ್ರ ಪಾಠಶಾಲೆಯಲ್ಲಿ ಕಲಿತು ಉತ್ತರ ಕರ್ನಾಟಕದ ಸಭೆಗಳಲ್ಲಿ ಪಾಲಕರಾಗಿ ದುಡಿದವರು. ಪಾದ್ರಿಗಳ ವೃತ್ತಿಯಲ್ಲಿದ್ದುಕೊಂಡೇ ಊರೂರು ತಿರುಗಿ, ಹಸ್ತಪ್ರತಿಗಳಲ್ಲಿಯೂ ಜನರ ಬಾಯಲ್ಲಿಯೂ ಚೆದುರಿಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ, 1924ರಲ್ಲಿ ಪ್ರಕಟಿಸಿದರು. 'ಬನಾರಸಕ್ಕೆ ಬೆತ್ಲೆಹೇಮದ ವಿನಂತಿ' ಎಂಬ ಅವರ ಕೃತಿಯ ಹೆಸರೇ ಅವರ ನಿಲುವನ್ನು ತಿಳಿಸುತ್ತದೆ: ಆಜ್ಞೆಯಲ್ಲ, ವಿನಂತಿ. ಶಿವಶರಣರ ವಚನಗಳ ಅಭ್ಯಾಸವನ್ನೂ ಮಾಡಿ, ಅನುಭವ ಮಂಟಪದ ಐತಿಹಾಸಿಕತೆಯನ್ನು ಕುರಿತು ಗ್ರಂಥ ಬರೆದರು. ಕ್ರೈಸ್ತ ಪಾದ್ರಿಗಳೊಬ್ಬರು ಬಸವಣ್ಣನವರ ಮಂಟಪಕ್ಕೆ ಪ್ರಮಾಣ ಹುಡುಕುವುದು! 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ಕನ್ನಡ ಜನತೆ ಅವರಿಗೆ ಕೊಟ್ಟಿತು. ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿ ಆಗಿನ್ನೂ ವರ್ಷ ಕಳೆದಿರಲಿಲ್ಲ, ಕೆಲವೇ ತಿಂಗಳು ಆಚೀಚೆ; ಗಾಯಗಳು ಹಸಿಯಾಗಿದ್ದವು. ಅಂತಹ ಹೊತ್ತಿನಲ್ಲಿ, ಹಿಂದೂ ಮುಸಲ್ಮಾನ ಮನಸ್ತಾಪಗಳ ನಡುವಿನ ಆ ಊರಿನಲ್ಲಿ, ಎರಡೂ ಅಲ್ಲದ ಒಬ್ಬ ಸಭಾಪಾಲಕರು ಕನ್ನಡದ ಹೆಸರಿನಲ್ಲಿ ಪೀಠದ ಮೇಲೆ ಕುಳಿತದ್ದನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. 1962ರಲ್ಲಿ ಅವರು ತೀರಿಕೊಂಡರು. ಅವರ ಮನೆತನಕ್ಕೆ ಹೆಸರು ಕೊಟ್ಟ ಉತ್ತಂಗಿ ಗ್ರಾಮವು ಹಳೆಯ ಬಳ್ಳಾರಿ ಜಿಲ್ಲೆಯ ಹಡಗಲಿ ಸೀಮೆಯದು ಎಂಬುದು ನಮಗೆ ಹೆಚ್ಚಿನ ಸಂತೋಷದ ವಿಷಯ.

ಇನ್ನು ನಮ್ಮ ಸೀಮೆಯ ಮಾತು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ರಚಿತವಾದಾಗ ಲಂಡನ್ ಮಿಷನ್ನಿನ ಹಳೆಯ ಸಭೆಗಳು ಅದರಲ್ಲಿ ಸೇರಿದವು. ಹಿಂದೂಪುರ, ಅನಂತಪುರಗಳ ಕಡೆಯವು ಇಂದು ರಾಯಲಸೀಮಾ ಧರ್ಮಪ್ರಾಂತದಲ್ಲಿವೆ. ಆರಾಧನೆ ತೆಲುಗಿನಲ್ಲಿ, ಗಡಿಯ ಕೆಲವು ಮನೆಗಳಲ್ಲಿ ಪ್ರಾರ್ಥನೆ ಕನ್ನಡದಲ್ಲಿ. ಸಭೆಯ ಆಡಳಿತವೆಲ್ಲ ಊರಿನವರದೇ. ಪರದೇಶದವರ ಯಜಮಾನಿಕೆ ಮುಗಿದು ಎಂಬತ್ತು ವರ್ಷಗಳಾಗುತ್ತ ಬಂದವು.

ಕೆಲಸದ ಸ್ಥಳದ ಮುಂದಾಳತನಕ್ಕೆ ನಮ್ಮ ಕಡೆಯ ಉದಾಹರಣೆ ಬೇಕೆಂದರೆ ಕಲ್ಯಾಣದುರ್ಗಕ್ಕೆ ಹೋಗಬೇಕು. ಸ್ಪೇನಿನ ವಿನ್ಸೆಂಟ್ ಫೆರರ್ ಎಂಬವರು 1952ರಲ್ಲಿ ಜೆಸ್ವಿಟ್ ಪಂಥದವರಾಗಿ ಭಾರತಕ್ಕೆ ಬಂದು, ಮಹಾರಾಷ್ಟ್ರದ ಮನಮಾಡಿನ ರೈತರ ನಡುವೆ ಬಾವಿ ತೋಡಿಸಿದರು. ಅಲ್ಲಿಂದ 1968ರಲ್ಲಿ ದೇಶ ಬಿಟ್ಟು ಹೋಗಬೇಕಾಗಿ ಬಂದು, ಮರುವರ್ಷ ಮರಳಿ ಅನಂತಪುರದಲ್ಲಿ ನೆಲೆಸಿದರು. ಆಮೇಲೆ ಪಂಥವನ್ನು ತೊರೆದು, ಆ್ಯನ್ ಎಂಬ ಆಂಗ್ಲ ಪತ್ರಕರ್ತೆಯನ್ನು ವಿವಾಹವಾಗಿ, ದಂಪತಿಗಳಿಬ್ಬರೂ ಗ್ರಾಮೀಣಾಭಿವೃದ್ಧಿ ಟ್ರಸ್ಟನ್ನು ಬೆಳೆಸಿದರು. ಪಾದ್ರಿಪದವಿ ಬಿಟ್ಟ ಪಾದ್ರಿಗಳ ಕೆಲಸವಾದ್ದರಿಂದ ಅಲ್ಲಿ ರೊಟ್ಟಿಗೂ ಕೂಲಿಗೂ ಗಂಟು ಬೀಳಲಿಲ್ಲ. ಬಟವಾಡೆ ಪಡೆಯುವವನನ್ನು ನಿನ್ನ ದೇವರು ಯಾರೆಂದು ಕೇಳುವ ಪ್ರಮೇಯ ಬರಲಿಲ್ಲ. ಹಳ್ಳಿಯ ಕೆಲಸಕ್ಕೆ ಹಳ್ಳಿಯವರನ್ನೇ ತಯಾರು ಮಾಡಿದರು. ಮಹಿಳೆಯರ ಸಂಘಗಳನ್ನು ಕಟ್ಟಿದರು. ಬತ್ತಲಪಲ್ಲಿ, ಕಲ್ಯಾಣದುರ್ಗ, ಕಣೇಕಲ್ಲುಗಳಲ್ಲಿ ಆಸ್ಪತ್ರೆಗಳನ್ನು ತೆರೆದರು. 2009ರ ಜೂನ್‌ನಲ್ಲಿ ಫೆರರ್ ತೀರಿಕೊಂಡಾಗ, ಇನ್ನು ಈ ಸಂಸ್ಥೆಯ ಗತಿಯೇನು ಎಂದು ನಮ್ಮ ಊರಿನ ಕಟ್ಟೆಗಳಲ್ಲಿ ಹಿರಿಯರು ಮಾತನಾಡಿಕೊಂಡದ್ದುಂಟು. ಮಾರನೆಯ ದಿನವೂ ಆಸ್ಪತ್ರೆಗಳು ನಡೆದವು, ಶಾಲೆಗಳೂ ನಡೆದವು. ಹಣದ ಮೂಲ ಬಹುಮಟ್ಟಿಗೆ ಸ್ಪೇನಿನಲ್ಲಿಯೇ ಉಳಿಯಿತೆಂಬುದನ್ನೂ ಜೊತೆಗೆ ಹೇಳಬೇಕು.

ಇವನ್ನೆಲ್ಲ ಹಳೆಯ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. ಕೊಡಿಕೊಂಡದ ಚೆಕ್‌ಪೋಸ್ಟಿನಲ್ಲಿ ಬೆಳಗಿನ ಜಾವ ನಿಂತು ನೋಡಿದರೆ ಹೆದ್ದಾರಿಯ ಮೇಲೆ ಕೆಲಸಗಾರರ ಬಸ್ಸುಗಳು ಸಾಲಾಗಿ ಹೋಗುವುದು ಕಾಣುತ್ತದೆ. ಪೆನುಕೊಂಡೆಯ ಬಳಿ ಕೊರಿಯಾ ದೇಶದವರ ಕಿಯಾ ಕಾರಿನ ಕಾರ್ಖಾನೆ 2019ರಿಂದ ನಡೆಯುತ್ತಿದೆ. ಹಿಂದೂಪುರದಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಗಳಿವೆ. ನಮ್ಮ ಸಂಘದ ಸದಸ್ಯರ ಮಕ್ಕಳೇ ಅಲ್ಲಿ ದುಡಿಯುತ್ತಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರೂ ಇದ್ದಾರೆ. ಮನೆಯಲ್ಲಿ ಕನ್ನಡ ಅಥವಾ ತೆಲುಗು, ಯಂತ್ರದ ಮುಂದೆ ಹರಕು ಇಂಗ್ಲಿಷು, ಮೇಲಿನವರ ನಡುವೆ ಕೊರಿಯನ್. ಮೇಸ್ತ್ರಿಯ ಹೆಸರು ಈಗ ಸೂಪರ್‌ವೈಸರ್ ಎಂದಾಗಿದೆ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಅಂತಹುದೊಂದು ಕಡೆ ಕೆಲಸದಲ್ಲಿದ್ದಾನೆ. ಭಾನುವಾರ ತನ್ನ ಊರಿನ ಸಭೆಯಲ್ಲಿ ಅವನು ಹಿರಿಯರ ಮಂಡಳಿಯ ಖಜಾಂಚಿ. ನೂರಾರು ಜನರ ಕಾಣಿಕೆಯ ಲೆಕ್ಕವನ್ನು ಎದ್ದುನಿಂತು ಓದುತ್ತಾನೆ, ಪ್ರಶ್ನೆ ಬಂದರೆ ಉತ್ತರ ಹೇಳುತ್ತಾನೆ. ಕಾರ್ಖಾನೆಯಲ್ಲಿ ನಿನ್ನನ್ನು ಯಾವುದಾದರೂ ಸಭೆಗೆ ಕರೆಯುತ್ತಾರೆಯೇ ಎಂದು ನಾವು ಕೇಳಿದೆವು. "ಕರೀತಾರೆ ಸಾರ್, ಸುರಕ್ಷತೆ ಬಗ್ಗೆ ಹೇಳೋದಕ್ಕೆ. ನಾವು ಕೇಳಿಸ್ಕೊಂಡು ಸಹಿ ಹಾಕಿ ಬರ್ತೀವಿ" ಎಂದನು.